ಬಿಳೀದು ಬಿಡಿ

ಬೆಳಕು ಹರಿಯುವುದರೊಳಗೆ ಅವಳು ಮುಗಿಸಬೇಕಾದ ಕೆಲಸಗಳು ಇವು. ನಲ್ಲಿಯಲ್ಲಿ ನೀರು ನಿಲ್ಲುವ ಮೊದಲು ಬಕೆಟ್ಟು, ಡ್ರಮ್ಮು, ಕೊನೆಗೆ ದೊಡ್ಡ ಪಾತ್ರೆಗಳನ್ನೂ ಬಿಡದೆ ತುಂಬಿಸುವುದು. ಒಲೆ ಹಚ್ಚುವುದು. ಅತ್ತೆಯ ಮಂಡಿಗೆ ಬಿಸಿನೀರಿನ ಬಟ್ಟೆ ಹಾಕುವುದು, ಆ ಬಟ್ಟೆ ಆರುವುದರೊಳಗೆ ಹಾಲು ಕಾಯಿಸುವುದು. ರಾತ್ರಿ ಪಾಳಿಯ ಕಾವಲು ಮುಗಿಸಿ ಬರುವ ಗಂಡನಿಗೆ ತಿಂಡಿ ಮುಚ್ಚಿಡುವುದು, ಅವನು ಮಲಗುವ ಮೂಲೆಯ ಕಿಟಕಿಗೆ ಪರದೆ ಎಳೆಯುವುದು. ಮಗಳ ಚೀಲಕ್ಕೆ ಒಂದು ಜೊತೆ ಬಟ್ಟೆ, ಬುತ್ತಿ, ಮೂಗು ಒರೆಸುವ ಚೌಕ. ನಿನ್ನೆಯ ಧೂಳು ಹಿಡಿದ ತನ್ನ ಕೆಲಸದ ಬಟ್ಟೆಯನ್ನು ಕೊಡವುವುದು. ಒಳಗೆ ಕೊಡವಿದರೆ ಅತ್ತೆಗೆ ಕೆಮ್ಮು, ಬಾಗಿಲಲ್ಲಿ ಕೊಡವಿದರೆ ಪಕ್ಕದ ಮನೆಯವರ ಬೈಗುಳ, ಹಾಗಾಗಿ ಬೀದಿಯ ತಿರುವಿನವರೆಗೂ ಹೋಗಿ ಕೊಡವಿ ಬರುವುದು. ಈ ಕೆಲಸಗಳಿಗೆ ಮನೆಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಯಾವುದಾದರೂ ಒಂದು ತಪ್ಪಿಹೋದ ದಿನ ಮಾತ್ರ ಅದಕ್ಕೆ ಹೆಸರು ಬರುತ್ತಿತ್ತು.

ಈಚೆಗೆ ಇವುಗಳ ಜೊತೆ ಇನ್ನೊಂದು ಸೇರಿಕೊಂಡಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಹೋಗುವ ನೇರ ದಾರಿ ಬಿಟ್ಟು ಶಿಶುಮನೆಯ ಬೀದಿಗೆ ತಿರುಗಿ, ಗೇಟಿನ ಬೀಗ ತೆಗೆದು, ಅಂಗಳದ ಗೋಡೆಯ ಮೇಲೆ ಅಂಗೈ ಇಟ್ಟು ನೋಡುವುದು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ.

ಕೀಲಿ ಅವಳ ಹತ್ತಿರ ಇದ್ದುದರಲ್ಲಿ ಗುಟ್ಟೇನೂ ಇಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಆ ಶಿಶುಮನೆಯ ಅಂಗಳವನ್ನು ಸರದಿಯ ಮೇಲೆ ಗುಡಿಸಬೇಕೆಂದು ಮಾತಾಗಿತ್ತು. ಸರದಿ ಎನ್ನುವುದು ಮಾತಿಗೆ; ಪೊರಕೆ, ಕೀಲಿ ಎರಡೂ ಎಂದಿನಿಂದಲೂ ಇವಳ ಪಾಲಿಗೆ.

ಅವಳನ್ನು ಆ ಕಡೆಯ ಬೀದಿಗಳಲ್ಲಿ ಎಲ್ಲರೂ ಇಟ್ಟಿಗೆಯಕ್ಕ ಎನ್ನುತ್ತಿದ್ದರು. ಕೆಡವಿದ ಮನೆ, ಅಂಗಡಿ, ಗೋದಾಮುಗಳ ಚೂರುಪಾರು ಲಾರಿಯಲ್ಲಿ ಬಂದು ಬೀಳುವ ಯಾರ್ಡಿನಲ್ಲಿ ಅವಳ ಕೆಲಸ. ಬಂದದ್ದನ್ನೆಲ್ಲ ಓಡುವ ಬೆಲ್ಟಿನ ಮೇಲೆ ಸುರಿಯುತ್ತಾರೆ. ಬೆಲ್ಟಿನ ಎರಡೂ ಬದಿಗೆ ಸಾಲಾಗಿ ಹೆಂಗಸರು ನಿಂತು ಮರದ ಚೂರು, ತಂತಿ, ಪ್ಲಾಸ್ಟಿಕ್ಕು, ಗಾಜು ಆರಿಸಿ ತೆಗೆಯುತ್ತಾರೆ. ಮಿಕ್ಕದ್ದು ಮುಂದೆ ಹೋಗಿ ಕ್ರಷರ್‌ನ ಬಾಯಿಗೆ ಬೀಳುತ್ತದೆ, ಪುಡಿಯಾಗುತ್ತದೆ, ಸಿಮೆಂಟಿನ ಜೊತೆ ಕಲಸಿ ಅಚ್ಚಿಗೆ ಹಾಕಿದರೆ ಹೊಸ ಇಟ್ಟಿಗೆ. ಅಕ್ಕಿ ಆರಿಸುವ ಕೈಗಳಿಗೆ ಇದು ಸುಲಭ ಎಂದು ಯಾರ್ಡಿನವರು ಹೆಂಗಸರನ್ನೇ ತೆಗೆದುಕೊಂಡಿದ್ದರು. ಅಕ್ಕಿ ಓಡುವುದಿಲ್ಲ, ಬೆರಳು ಕತ್ತರಿಸುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಟ್ಟಿಗೆ ಮಾಡುವುದೇನೋ ಆಯಿತು, ಕೊಳ್ಳುವವರೇ ಇರಲಿಲ್ಲ. ಯಾರ್ಡಿನ ಹಿಂದೆ ಇಟ್ಟಿಗೆ ಬೆಟ್ಟದಂತೆ ಬೆಳೆದು ಅದರ ಸಂದಿಗಳಲ್ಲಿ ಬೆಕ್ಕು ಮರಿ ಹಾಕಿತ್ತು. ಮ್ಯಾನೇಜರ್ ನುಣುಪು ಕಾಗದದಲ್ಲಿ ಜಾಹೀರಾತು ಅಚ್ಚು ಹಾಕಿಸಿ ಗಾರೆ ಕೆಲಸದವರಿಗೆಲ್ಲ ಹಂಚಿದ. ಅವರು ಅದರಲ್ಲಿ ಬೀಡಿಕಟ್ಟು ಸುತ್ತಿಕೊಂಡರು. ಬಿದ್ದ ಮನೆಯ ಚೂರಲ್ಲಿ ಕಟ್ಟಿದ ಗೋಡೆ ನಿಲ್ಲುತ್ತದಾ ಎಂದು ಒಬ್ಬರು, ಒಳಗೆ ಯಾರ್ಯಾರು ಸತ್ತಿದ್ದರೋ ಎಂದು ಇನ್ನೊಬ್ಬರು. ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಕಟ್ಟೆಗೆಂದು ಇಟ್ಟಿಗೆ ಕೇಳಲು ಗಂಡ ಹೆಂಡತಿ ಬಂದಿದ್ದರು. ಗಂಡ ಇಟ್ಟಿಗೆಯನ್ನು ಕಾಲಲ್ಲಿ ತಟ್ಟಿ ಮೂಗು ಮುರಿದ. ಪಕ್ಕದಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದ ಇವಳು ಆ ಹೆಂಗಸಿನ ಕಡೆ ತಿರುಗಿ ಕೇಳಿದಳು.

“ನಿಮ್ಮನೆ ಅಲ್ಯೂಮಿನಿಯಂ ಪಾತ್ರೆ ಎಲ್ಲಿಂದ ಬಂತು ಗೊತ್ತಾ ಅಕ್ಕ? ಯಾರದೋ ಸೊಟ್ಟ ಪಾತ್ರೆ ಕರಗಿಸಿ ಮಾಡಿದ್ದು. ಅದು ಯಾರ ಮನೆ ಒಲೆ ಮೇಲಿತ್ತು, ಅಲ್ಲಿ ಅತ್ತೆ ಸೊಸೆ ಹೇಗಿದ್ರು ಅಂತ ವಿಚಾರಿಸಿ ತಗೊಂಡ್ರಾ?”

ಹೆಂಗಸು ನಕ್ಕಳು, ಕಟ್ಟೆಗೆ ಬೇಕಾದಷ್ಟು ಇಟ್ಟಿಗೆ ತೆಗೆದುಕೊಂಡೇ ಹೋದಳು. ಅದನ್ನು ನೋಡಿದ ಮ್ಯಾನೇಜರ್, ರಜೆಯ ದಿನ ಇವಳು ಮನೆಮನೆಗೆ ಹೋಗಿ ಬರಲಿ ಎಂದ. “ನಿಮಗೆ ಹೆಂಗಸರ ಜೊತೆ ಮಾತಾಡೋಕೆ ಬರುತ್ತೆ” ಎಂದ, ಮಾತಾಡಿಸುವುದು ಕೆಲಸವಲ್ಲ, ಹುಟ್ಟಿನಿಂದ ಬಂದ ಕೆಮ್ಮು ಎನ್ನುವಂತೆ.

ಅವಳು ಹೋದಳು. ತಲೆಬಾಗಿಲಿಗಲ್ಲ, ಹಿತ್ತಲ ಬಾಗಿಲಿಗೆ. ಮನೆಯ ಗೋಡೆಗೆ ಯಾವ ಇಟ್ಟಿಗೆ ಎನ್ನುವುದನ್ನು ಗಂಡಸರು ಹೇಳುತ್ತಾರೆ, ನಿಜ. ಆದರೆ ಬಚ್ಚಲ ಕಟ್ಟೆ, ಪಾತ್ರೆ ತೊಳೆಯುವ ಜಾಗ, ಗಿಡದ ಪಾತಿ, ನೀರಿನ ಡ್ರಮ್ಮಿನ ಪೀಠ, ಇವೆಲ್ಲ ಗಂಡಸರ ಕಣ್ಣಿಗೇ ಬೀಳದ ಜಾಗಗಳು. ಅಲ್ಲಿ ಹೆಂಗಸರ ಮಾತೇ ಮಾತು. ಅವಳು ಒಂದು ಇಟ್ಟಿಗೆಯನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿಟ್ಟು ಆ ಮನೆಯವಳ ಜೊತೆ ಕಷ್ಟಸುಖ ಮಾತಾಡುತ್ತ ಕೂರುವಳು. ಹೊರಡುವಾಗ ಇಟ್ಟಿಗೆ ತೆಗೆದು ನೆಲಕ್ಕೆ ಕುಟ್ಟಿ ತೋರಿಸುವಳು. ಹೀಗೆ ಬಚ್ಚಲಿನಿಂದ ಬಚ್ಚಲಿಗೆ ಆ ಇಟ್ಟಿಗೆ ಊರೊಳಗೆ ಬಂತು. ಯಾರ್ಡಿನ ಹಿಂದಿನ ಇಟ್ಟಿಗೆ ಬೆಟ್ಟ ಕರಗಿತು, ಬೆಕ್ಕು ಮರಿಗಳ ಜೊತೆ ಬೇರೆ ಜಾಗ ನೋಡಿಕೊಂಡಿತು.

ಆದರೆ ಆಳೆತ್ತರದ ಗೋಡೆಗೆ ಮಾತ್ರ ಯಾರೂ ಧೈರ್ಯ ಮಾಡಿರಲಿಲ್ಲ. ಮಾಡಿದ ಮೊದಲನೆಯವಳು ಶಿಶುಮನೆಯ ಟೀಚರಮ್ಮ. ಅಂಗಳದ ಆಚೆ ಖಾಲಿ ನಿವೇಶನ. ನಾಯಿಗಳು ಬರುತ್ತವೆ, ಬಿಸಿಲು ಬೇರೆ. ಅಲ್ಲೊಂದು ಗೋಡೆ ಬೇಕಿತ್ತು. ಟೀಚರಮ್ಮ ಅನುಮಾನಿಸಿದಾಗ ಇಟ್ಟಿಗೆಯಕ್ಕ ಅವಳ ಕೈ ಹಿಡಿದುಕೊಂಡು ಹೇಳಿದ್ದಳು, “ನನ್ನ ಮಗಳೇ ಅಲ್ಲಿ ಕೂತು ಉಣ್ಣೋದು ಟೀಚರಮ್ಮ. ನಾನು ಕೆಟ್ಟ ಇಟ್ಟಿಗೆ ಕೊಡ್ತೀನಾ?”

ಗೋಡೆ ಎದ್ದಿತು. ಅದರ ನಡುವೆ ಒಂದು ನಲ್ಲಿ ಬಂತು. ಮಕ್ಕಳು ಅಲ್ಲಿ ಕೈ ತೊಳೆದು, ಗೋಡೆಯ ನೆರಳಲ್ಲಿ ಚಾಪೆ ಹಾಸಿ, ಬೆನ್ನು ಆನಿಸಿ ಕೂತು ಉಂಡರು. ನಗರದ ಕಾಮಗಾರಿ ಇಲಾಖೆಯ ಎಂಜಿನಿಯರುಗಳು ಆ ಗೋಡೆಯನ್ನು ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ಯಾರ್ಡಿನಲ್ಲಿ ಎಲ್ಲರ ಮುಖ ಅರಳಿತ್ತು. ಅವರು ಒಪ್ಪಿದರೆ ಇನ್ನು ಕಾಲುದಾರಿ, ಕಾಂಪೌಂಡು, ಚರಂಡಿ ಕಟ್ಟೆ ಎಲ್ಲಕ್ಕೂ ಇದೇ ಇಟ್ಟಿಗೆ. ಒಪ್ಪದಿದ್ದರೆ ಬಚ್ಚಲ ಕಟ್ಟೆಗಳನ್ನೇ ನಂಬಿಕೊಂಡು ಯಾರ್ಡು ನಡೆಸುವುದಕ್ಕಾಗುವುದಿಲ್ಲ, ಯಜಮಾನರು ಮುಚ್ಚುತ್ತಾರೆ ಎಂದು ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಎಲ್ಲ ಸರಿಯಾಗಿಯೇ ಇತ್ತು, ಮ್ಯಾನೇಜರ್ ಎಂಜಿನಿಯರುಗಳಿಗೆ ಹೇಳಬೇಕಾದ ಭಾಷಣವನ್ನು ಬೆಲ್ಟಿನ ಪಕ್ಕ ನಿಂತು ಗಟ್ಟಿ ಮಾಡಿಕೊಳ್ಳುವವರೆಗೆ.

“ಹೊಸ ಅಂಗಡಿಗಳ ಸೀಲಿಂಗಿಗೆ ಹಾಕ್ತಾರಲ್ಲ, ಪಿಒಪಿ, ಆ ಬಿಳೀ ಗಟ್ಟಿ. ಅದು ನಮ್ಮಲ್ಲಿ ಒಂದು ಚೂರೂ ಒಳಗೆ ಹೋಗಲ್ಲ ಸಾರ್” ಎಂದು ಅವನು ಗಾಳಿಗೆ ಹೇಳುತ್ತಿದ್ದ. “ಅದು ಇಟ್ಟಿಗೆಯಲ್ಲಿ ಸೇರಿದ್ರೆ ನೀರು ಬಿದ್ದ ಹಾಗೆಲ್ಲ ಒಳಗೊಳಗೇ ಊದಿಕೊಳ್ಳುತ್ತೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಬಿರುಕು ಬಿಟ್ಟಿರುತ್ತೆ. ದೊಡ್ಡ ಅಂಗಡಿ ಒಡೆದ ಲೋಡ್ ಬಂದ ದಿನ ನಾನೇ ಮೇಲೆ ನಿಂತು, ಬಿಳೀದು ಬಿಡಿ ಬಿಳೀದು ಬಿಡಿ ಅಂತ ಕೂಗಿ ಕೂಗಿ ಎಲ್ಲಾ ಹೊರಗೆ ಹಾಕಿಸಿದೀನಿ.”

ಅವಳ ಕೈ ಬೆಲ್ಟಿನ ಮೇಲೆ ನಿಂತುಹೋಯಿತು. ಒಂದು ಗಾಜಿನ ಚೂರು ಕಣ್ಣೆದುರೇ ಓಡಿಹೋಗಿ ಕ್ರಷರ್‌ಗೆ ಬಿತ್ತು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೂ ಹಿಂದಿನ ವಾರವಿಡೀ ಹಳೆಯ ಮನೆಯೊಂದರ ಲೋಡು. ಸುಣ್ಣದ ಗಾರೆಯ ಗೋಡೆಗಳು. ಹೆಂಗಸರು ಬಿಳಿ ಗಟ್ಟಿಗಳನ್ನೆಲ್ಲ ಆರಿಸಿ ಹೊರಗೆ ಹಾಕುತ್ತಿದ್ದರು. ಮ್ಯಾನೇಜರ್ ಓಡಿಬಂದು, ಅದು ಸುಣ್ಣ, ಅದರಿಂದ ಏನೂ ಆಗಲ್ಲ, ಹೊತ್ತು ಹಾಳು ಮಾಡಬೇಡಿ, ಬಿಳೀದು ಬಿಡಿ ಎಂದಿದ್ದ. ಬಿಟ್ಟಿದ್ದರು. ಮುಟ್ಟದೆ, ಬೆಲ್ಟಿನ ಮೇಲೆಯೇ ಹೋಗಲು ಬಿಟ್ಟಿದ್ದರು. ಆಮೇಲೆ ಅಂಗಡಿಯ ಲೋಡು ಬಂತು. ಕಿವಿಯಲ್ಲಿ ಹತ್ತಿ, ಮೂಗಿಗೆ ಬಟ್ಟೆ, ಕ್ರಷರ್‌ನ ಆರ್ಭಟ. ಏಣಿಯ ಮೇಲೆ ನಿಂತ ಮ್ಯಾನೇಜರ್ ಅದೇ ಮಾತು ಕೂಗಿದ: ಬಿಳೀದು ಬಿಡಿ. ಸಾಲಿನ ಮೊದಲಲ್ಲಿ ನಿಂತಿದ್ದವಳು ಇವಳೇ. ಇವಳೇ ಪಕ್ಕದವಳ ಕಿವಿಗೆ ಬಾಯಿಟ್ಟು ದಾಟಿಸಿದ್ದಳು, ಬಿಳೀದು ಬಿಡಿ. ಮಾತು ಕೈಯಿಂದ ಕೈಗೆ ನೀರಿನ ಬಕೆಟ್ಟು ಹೋದ ಹಾಗೆ ಸಾಲಿನ ಕೊನೆಯವರೆಗೂ ಹೋಯಿತು. ಸಂಜೆ ಚಹಾದ ಹೊತ್ತಲ್ಲಿ ಅವನು ಕೇಳಿದ್ದ, “ಎಲ್ಲಾ ಬಿಟ್ರಾ?” ಇವಳು ಹೇಳಿದ್ದಳು, “ಒಂದು ಚೂರೂ ಇಲ್ದಂಗೆ ಬಿಟ್ವಿ ಸಾರ್.” ಇಬ್ಬರೂ ನೆಮ್ಮದಿಯಿಂದ ಚಹಾ ಕುಡಿದಿದ್ದರು.

ಶಿಶುಮನೆಯ ಇಟ್ಟಿಗೆ ಆ ಪುಡಿಯಿಂದಲೇ ಅಚ್ಚಾದದ್ದು. ಅಚ್ಚಿನ ಮನೆಯಿಂದ ಒಳ್ಳೆಯದನ್ನೇ ಆರಿಸಿ ಲಾರಿಗೆ ಹಾಕಿಸಿದವಳೂ ಇವಳೇ.

ಬೆಲ್ಟಿನಲ್ಲಿ ಅವಳ ಪಕ್ಕ ನಿಲ್ಲುವವಳಿಗೆ ಜೋರುಬಾಯಿ ಎಂದು ಹೆಸರು. ಕ್ರಷರ್ ಓಡುವಾಗಲೂ ಅವಳ ಮಾತು ಕೇಳಿಸುತ್ತಿತ್ತು. ಊಟದ ಹೊತ್ತಿಗೆ ಇವಳು ಅವಳನ್ನು ನೀರಿನ ಟ್ಯಾಂಕಿನ ಮರೆಗೆ ಕರೆದಳು.

“ಅಂಗಡಿ ಲೋಡ್ ಬಂದ ದಿನ ನಾನು ನಿನಗೆ ಏನಂದೆ?”

“ಬಿಳೀದು ಬಿಡಿ ಅಂದೆ.”

“ನೀನೇನು ಮಾಡಿದೆ?”

“ಬಿಟ್ಟೆ.”

“ಎಲ್ಲಿ ಬಿಟ್ಟೆ?”

“ಎಲ್ಲಿ ಅಂದ್ರೆ? ಬೆಲ್ಟ್ ಮೇಲೇ ಬಿಟ್ಟೆ, ಮುಟ್ಲಿಲ್ಲ. ನನ್ನ ಗಂಡ ಕೇಳ್ದಂಗೆ ಕೇಳ್ತೀಯಲ್ಲೇ, ಚಪ್ಪಲಿ ಎಲ್ಲಿ ಬಿಟ್ಟೆ ಅಂತ” ಎಂದು ಜೋರುಬಾಯಿ ನಕ್ಕಳು. ಇವಳು ನಗುವುದಕ್ಕೆಂದು ತೆರೆದ ಬಾಯಿ ಹಾಗೇ ಉಳಿಯಿತು.

ಅವತ್ತಿನಿಂದ ಅವಳು ಗೋಡೆ ಮುಟ್ಟಲು ಶುರುಮಾಡಿದ್ದು. ಮೊದಮೊದಲು ಏನೂ ಕಾಣಲಿಲ್ಲ, ಅದೇ ಅವಳಿಗೆ ಇನ್ನಷ್ಟು ಭಯ. ಆಮೇಲೆ ನಲ್ಲಿಯ ಕೆಳಗೆ, ಮಕ್ಕಳು ಕೈ ತೊಳೆದ ನೀರು ಸಿಡಿಯುವಲ್ಲಿ, ಬೂದಿಬಣ್ಣದ ಇಟ್ಟಿಗೆಯ ಮೇಲೆ ಬಿಳಿ ಬೂಷ್ಟಿನಂಥದು ಕಂಡಿತು. ಒರೆಸಿದಳು, ಹೋಯಿತು. ಮರುದಿನ ಮತ್ತೆ ಬಂದಿತ್ತು. ಇನ್ನೊಂದು ಮುಂಜಾನೆ ಮಗಳ ಬುತ್ತಿಯ ಚಮಚದ ಹಿಡಿಯಿಂದ ಇಟ್ಟಿಗೆಯ ಮೂಲೆ ಕೆರೆದಳು. ಒದ್ದೆಯಾದ ಸಕ್ಕರೆ ಉದುರಿದಂತೆ ಉದುರಿತು. ಆ ಚಮಚವನ್ನು ಅವಳು ಮನೆಗೆ ತಂದು ಎರಡೆರಡು ಸಲ ತೊಳೆದಳು, ಆದರೂ ಮಗಳ ಚೀಲಕ್ಕೆ ಹಾಕಲು ಮನಸ್ಸು ಬರಲಿಲ್ಲ.

ಅದು ಬರೀ ಉಪ್ಪೂ ಇರಬಹುದು ಎಂದು ಅವಳಿಗೆ ಗೊತ್ತಿತ್ತು. ಹೊಸ ಗೋಡೆಗಳು ಬೆವರುತ್ತವೆ, ಬಿಳಿಚಿಕೊಳ್ಳುತ್ತವೆ, ಎಷ್ಟೋ ಕಡೆ ನೋಡಿದ್ದಳು. ಆ ಒಂದು ಇಟ್ಟಿಗೆ ಮಾತ್ರ ಕೆಟ್ಟದ್ದಿರಬಹುದು. ಎಲ್ಲವೂ ಕೆಟ್ಟಿರಬಹುದು. ತನಗೆ ಗೊತ್ತಿಲ್ಲ ಎನ್ನುವುದೊಂದೇ ಅವಳಿಗೆ ಗೊತ್ತಿದ್ದದ್ದು. ಹಾಲು ಉಕ್ಕಿದರೂ ನೋಡುತ್ತ ನಿಲ್ಲುವಳು. ಬೀದಿಯಲ್ಲಿ ಲಾರಿಯ ಹಿಂಬಾಗಿಲು ದಡಾರೆಂದರೆ ಶಿಶುಮನೆಯ ದಿಕ್ಕಿಗೆ ತಿರುಗುವಳು.

ಗಂಡನಿಗೆ ಹೇಳಿದಳು. ಅವನು ಬರುವುದೂ ಅವಳು ಹೋಗುವುದೂ ಒಂದೇ ಹೊತ್ತಾದ್ದರಿಂದ ಅವರ ಸಂಸಾರದ ಮಾತೆಲ್ಲ ಹೊಸ್ತಿಲ ಮೇಲೆಯೇ ನಡೆಯಬೇಕು. ಅವನು ಶೂ ಬಿಚ್ಚುತ್ತ ಕೇಳಿಸಿಕೊಂಡ. ರಾತ್ರಿಯಿಡೀ ನಿಂತ ಕಾಲು ಊದಿತ್ತು.

“ಬಿಡು. ಅದನ್ನೆಲ್ಲ ನೋಡ್ಕೊಳ್ಳೋಕೆ ಅಂತ ಮ್ಯಾನೇಜರ್ ಇದಾರೆ.”

“ಬಿದ್ದುಹೋದ್ರೆ?”

“ನೀನೇನು ಕಂಬನಾ, ಹೋಗಿ ಹಿಡ್ಕೊಳ್ಳೋಕೆ?” ಎಂದ. ಜೋಕು ತನಗೇ ಹಿಡಿಸಿ ಅರ್ಧ ನಕ್ಕು, ಅರ್ಧ ಆಕಳಿಸಿ, ಒಳಗೆ ಹೋಗಿ ಪರದೆಯ ಹಿಂದೆ ಬಿದ್ದುಕೊಂಡ.

ಮ್ಯಾನೇಜರಿಗೆ ಹೇಳುವ ಹೊತ್ತಿಗೆ ಮಾತನ್ನು ಎಷ್ಟೋ ಸಲ ಬಾಯಲ್ಲಿ ಹೊರಳಿಸಿ ಇಟ್ಟುಕೊಂಡಿದ್ದಳು. ಆದರೂ ಹೇಳುವಾಗ ಎಲ್ಲ ಕಲಸಿಹೋಯಿತು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ ಅಂಚಿಗೆ ಇಟ್ಟ. ಅವಳೇ ಅದನ್ನು ಒಳಕ್ಕೆ ಸರಿಸಿದಳು. ಅವನೂ ಹೆದರಿದ್ದು ಅವಳಿಗೆ ಕಂಡಿತು. ಅದರಿಂದ ಅವಳ ಹೆದರಿಕೆ ಕಡಿಮೆಯಾಗಲಿಲ್ಲ, ದುಪ್ಪಟ್ಟಾಯಿತು.

“ಬಿಟ್ವಿ ಅಂದ್ರಲ್ಲ ನೀವು” ಎಂದ.

“ನೀವೂ ಬಿಡಿ ಅಂದ್ರಲ್ಲ ಸಾರ್.”

ಆಮೇಲೆ ಅವನು ತಾನು ಪರೀಕ್ಷೆಗೆ ಕಳಿಸಿದ ಇಟ್ಟಿಗೆಗಳು ಪಾಸಾಗಿದ್ದವು ಎಂದ. ಅವು ಬೇರೆ ರಾಶಿಯವು ಎಂದು ಕೇಳದಿದ್ದರೂ ತಾನೇ ಒಪ್ಪಿಕೊಂಡ. ಉಪ್ಪೇ ಇರಬೇಕು ಎಂದ. ಎಂಜಿನಿಯರುಗಳು ಬಂದು ಹೋಗಲಿ, ಒಂದು ಚೂರು ತೆಗೆಸಿ ಕಳಿಸುತ್ತೇನೆ, ಫಲಿತಾಂಶ ಬರುವುದಕ್ಕೆ ಹೇಗೂ ದಿನ ಹಿಡಿಯುತ್ತದೆ ಎಂದ. ಈಗ ಏನಾದರೂ ಅಂದರೆ ಇಡೀ ಊರು, ನಾವು ಆಗಲೇ ಹೇಳಿರಲಿಲ್ಲವಾ, ಬಿದ್ದ ಮನೆಯ ಇಟ್ಟಿಗೆ ಎನ್ನುತ್ತದೆ. ಬೆಲ್ಟಿನ ಹೆಂಗಸರೆಲ್ಲ ಮನೆಗೆ ಹೋಗಬೇಕಾಗುತ್ತದೆ ಎಂದ. ಅದೂ ಸುಳ್ಳಾಗಿರಲಿಲ್ಲ.

“ಅಲ್ಲಿವರೆಗೂ ಬಾಯಿ ಬಿಡಬೇಡಿ” ಎಂದ ಕೊನೆಗೆ. “ಅವರು ಬರೋ ದಿನ ಬೆಳಿಗ್ಗೆ ಬೇಗ ಹೋಗಿ ಆ ಬಿಳೀದೆಲ್ಲ ನೀಟಾಗಿ ಒರೆಸಿ, ಕೆಳಗೆ ಎರಡು ಸಾಲು ಬಣ್ಣ ಹಚ್ಚಿಬಿಡಿ. ಒರೆಸೋದು ಸಾರಿಸೋದು ನಿಮಗೆ ಹೇಳಿಕೊಡಬೇಕಾ?”

ಟೀಚರಮ್ಮನ ಹತ್ತಿರ ಬಾಯಿ ಬಿಡದೆಯೇ, “ಮಕ್ಕಳನ್ನು ಗೋಡೆಯಿಂದ ದೂರ ಕೂರಿಸಿ, ಅಲ್ಲಿ ಇರುವೆ ಗೂಡು ಕಟ್ಟಿದೆ” ಎಂದಳು. ಟೀಚರಮ್ಮ ಒಪ್ಪಿ ಚಾಪೆಯನ್ನು ಅಂಗಳದ ನಡುವೆ ಹಾಸಿದಳು. ಬಿಸಿಲೇರಿತು. ಮಕ್ಕಳು ತಟ್ಟೆ ಹಿಡಿದುಕೊಂಡು ಒಂದೊಂದಾಗಿ ತೆವಳಿ ನೆರಳಿಗೇ ಬಂದವು. ಇರುವೆ ಪಾಪ, ಒಂದೂ ಕಾಣಲಿಲ್ಲ.

ಆಗ ಅವಳಿಗೆ ಒಂದು ದಾರಿ ಹೊಳೆಯಿತು, ಎಲ್ಲ ತಾಯಂದಿರಿಗೂ ಹೊಳೆಯುವಂಥದು. ಮಗಳಿಗೆ ಜ್ವರ ಎಂದು ಹೇಳಿ ಮನೆಯಲ್ಲೇ ಬಿಟ್ಟಳು. ಅತ್ತೆ ಸಂಜೆ ಕಾದು ಕೂತಿದ್ದಳು.

“ಜ್ವರ ಅಂತೆ ಜ್ವರ. ಜ್ವರ ಬಂದೋಳು ನನ್ನ ಕೋಲು ಕಿತ್ಕೊಂಡು ಕುದುರೆ ಓಡಿಸ್ತಾಳಾ? ಹಿಡಿಯೋಕೆ ಹೋಗಿ ನನ್ನ ಇನ್ನೊಂದು ಮಂಡೀನೂ ಹೋಯ್ತು ನೋಡು. ಈ ವಯಸ್ಸಲ್ಲಿ ನಾನು ಇನ್ನೊಂದು ಸಲ ತಾಯಿ ಆಗಬೇಕಾ?”

ಅತ್ತೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಮುದುಕಿಯೂ ತನ್ನ ಪಾಲಿನ ಮಕ್ಕಳನ್ನು ಒಂಟಿಯಾಗಿ ಬೆಳೆಸಿ ದಣಿದವಳು. ಸೊಸೆ ಅವಳ ಎರಡೂ ಮಂಡಿಗೆ ಬಿಸಿಬಟ್ಟೆ ಹಾಕಿದಳು. ಮಗಳು ಪಕ್ಕದಲ್ಲಿ ಕೋಲು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಉಸಿರು ಹೊಟ್ಟೆಯ ತನಕ ಇಳಿದಂತಾಯಿತು.

ಆ ನೆಮ್ಮದಿ ಮರುದಿನ ಬೆಲ್ಟಿನ ಹತ್ತಿರ ಹೋಗುವವರೆಗೆ ಉಳಿಯಿತು. ಜೋರುಬಾಯಿ ಬಟ್ಟೆಯ ಗಂಟಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು ಇವಳ ಕೈಗಿಟ್ಟಳು.

“ನಿನ್ನ ಮಗಳಿಗೆ. ನನ್ನ ಮಕ್ಕಳು, ಎರಡೂ ಹುಳಗಳು, ನಿನ್ನೆ ಶಿಶುಮನೇಲಿ ಅವಳಿಲ್ಲ ಅಂತ ಮುಖ ಊದಿಸ್ಕೊಂಡಿದ್ವು. ಅವಳ ಜಾಗಾನೂ ನಮಗೇ ಬಂತು ಅಂತ ಆಮೇಲೆ ಖುಷಿಯಂತೆ. ಗೋಡೆಗೆ ಒರಗಿಕೊಂಡು ರಾಜನ ಥರ ಕೂತಿದ್ರಂತೆ.”

ಹಣ್ಣು ಅವಳ ಅಂಗೈಯಲ್ಲಿ ಕೆಂಡದ ಹಾಗೆ ಕೂತಿತು. ತನ್ನ ಮಗಳ ಜಾಗದಲ್ಲಿ ಇನ್ನೊಬ್ಬಳ ಮಗು. ನಲ್ಲಿಯ ಪಕ್ಕದ ಜಾಗ, ಒದ್ದೆಯ ಜಾಗ. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕ್ರಷರ್ ಶುರುವಾಯಿತು. ಜೋರುಬಾಯಿ ಕಿವಿಗೆ ಹತ್ತಿ ತುರುಕಿಕೊಂಡು ಬೆಲ್ಟಿಗೆ ಬಗ್ಗಿದಳು. ಹೇಳಿದರೂ ಜೋರುಬಾಯಿ ಏನು ಮಾಡಬೇಕು? ಮಕ್ಕಳನ್ನು ಎಲ್ಲಿ ಬಿಡಬೇಕು? ಕೋಲು ಹಿಡಿದ ಅತ್ತೆಯೂ ಅವಳಿಗಿಲ್ಲ. ಶಿಶುಮನೆ ಒಂದು ದಿನ ಮುಚ್ಚಿದರೆ ಈ ಸಾಲಿನ ಅರ್ಧ ಹೆಂಗಸರು ಕೆಲಸಕ್ಕೆ ಬರುವಂತಿಲ್ಲ.

ಆ ಸಂಜೆ ಅವಳು ಬಣ್ಣದ ಡಬ್ಬಿ, ಬ್ರಷ್ಷು ತೆಗೆದುಕೊಂಡಳು. ಹೊರಡುವಾಗ ಯಾರ್ಡಿನ ಸಾಮಾನಿನ ಕೋಣೆಯ ಮೂಲೆಯಲ್ಲಿ ಒರಗಿದ್ದ ಚಿಕ್ಕ ಹಾರೆ, ಉಳಿ, ಸುತ್ತಿಗೆಗಳನ್ನೂ ಒಂದು ಗೋಣಿಗೆ ಹಾಕಿಕೊಂಡಳು. ಯಾಕೆ ಎಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಎಂಜಿನಿಯರುಗಳು ಬರುವ ದಿನ ನೀರು, ಒಲೆ, ಮಂಡಿ, ಹಾಲು, ಬುತ್ತಿ ಎಲ್ಲವನ್ನೂ ಎಂದಿಗಿಂತ ಮುಂಚೆ ಮುಗಿಸಿದಳು. ಮಗಳನ್ನು ಎಬ್ಬಿಸಲಿಲ್ಲ. ನಿದ್ದೆಗಣ್ಣಿನ ಅತ್ತೆ, ಇವತ್ತು ಜ್ವರವಾ ಶಾಲೆಯಾ ಎಂದು ಕೇಳಿದಳು. ಆಮೇಲೆ ಹೇಳ್ತೀನಿ ಅತ್ತೆ ಎಂದು ಬಾಗಿಲು ಎಳೆದುಕೊಂಡಳು.

ಶಿಶುಮನೆಯ ಅಂಗಳದಲ್ಲಿ ಇನ್ನೂ ಕತ್ತಲಿನ ತಳ ಉಳಿದಿತ್ತು. ನಲ್ಲಿಯನ್ನು ಯಾರೋ ಸರಿಯಾಗಿ ತಿರುಗಿಸಿರಲಿಲ್ಲ. ರಾತ್ರಿಯಿಡೀ ಹನಿಕಿದ ನೀರು ಗೋಡೆಯ ಬುಡದಲ್ಲಿ ನಿಂತಿತ್ತು. ಅವಳು ಬಕೆಟ್ಟು ಇಟ್ಟು, ಬಟ್ಟೆ ಅದ್ದಿ ಹಿಂಡಿ, ಮಂಡಿಯೂರಿ ಒರೆಸಲು ಶುರುಮಾಡಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು, ಎಷ್ಟು ನೆಲ, ಎಷ್ಟು ಕಟ್ಟೆ, ಎಷ್ಟು ವಾಂತಿ ಒರೆಸಿದ ಕೈ. ಬಿಳಿ ಹೋಯಿತು. ಬಿಳಿಯ ಕೆಳಗೆ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಅವಳು ಬಟ್ಟೆಯನ್ನು ಗೆರೆಯ ಜೊತೆ ಮೇಲಕ್ಕೆ ಒಯ್ದಳು. ಗೆರೆ ನಲ್ಲಿಯನ್ನು ಸುತ್ತಿ ಮೇಲೆ ಹೋಗಿತ್ತು. ಎದ್ದು ನಿಂತು ಗೋಡೆಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ನಡುವೆ ಗೋಡೆ ಮಕ್ಕಳ ಕಡೆಗೆ ತುಸು ಹೊಟ್ಟೆ ಬಿಟ್ಟಂತೆ ಕಂಡಿತು. ಕತ್ತಲೂ ಇರಬಹುದು. ಹೆದರಿದ ಕಣ್ಣೂ ಇರಬಹುದು. ಕಟ್ಟಿದ ದಿನವೇ ಹಾಗಿತ್ತೇನೋ, ಯಾರು ಕಂಡಿದ್ದಾರೆ.

ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು. ಎರಡು ಸಾಲು ಹಚ್ಚಿದರೆ ಮುಗಿಯಿತು. ಮ್ಯಾನೇಜರ್ ಭಾಷಣ ಮಾಡುತ್ತಾನೆ, ಎಂಜಿನಿಯರುಗಳು ತಲೆಯಾಡಿಸುತ್ತಾರೆ, ಯಾರ್ಡು ಉಳಿಯುತ್ತದೆ. ಆಮೇಲೆ ಪರೀಕ್ಷೆ. ಆಮೇಲೆ ಫಲಿತಾಂಶ. ಅಷ್ಟರವರೆಗೆ ದಿನಾ ಮಧ್ಯಾಹ್ನ ಬಿಸಿಲು ಬರುತ್ತದೆ, ಬಿಸಿಲು ಬಂದಾಗ ಮಕ್ಕಳು ತಟ್ಟೆ ಹಿಡಿದು ನೆರಳಿಗೆ ತೆವಳುತ್ತವೆ. ಕೆಡವಿದರೆ ತನಗೆ ಹುಚ್ಚು ಎನ್ನುತ್ತಾರೆ. ಗೋಡೆ ಗಟ್ಟಿಯಾಗಿಯೇ ಇದ್ದಿದ್ದರೆ? ಆಗ ಸಾಲಿನ ಅಷ್ಟೂ ಹೆಂಗಸರ ಕೆಲಸವನ್ನು ತನ್ನ ಭಯವೊಂದಕ್ಕೆ ಬಲಿ ಕೊಟ್ಟವಳು ತಾನಾಗುತ್ತಾಳೆ. ಬಚ್ಚಲಿನಿಂದ ಬಚ್ಚಲಿಗೆ ಕಟ್ಟಿದ ನಂಬಿಕೆ ಒಂದೇ ಬೆಳಿಗ್ಗೆ ನೆಲಕಚ್ಚುತ್ತದೆ. ಮೊದಲು ಉಗಿಯುವವಳು ಜೋರುಬಾಯಿಯೇ. ಉಗಿಯಲಿ. ಉಗಿಯುವಾಗ ಅವಳ ಎರಡೂ ಹುಳಗಳು ಅವಳ ಕಾಲಿಗೆ ಜೋತುಬಿದ್ದಿರುತ್ತವೆ.

ಮುಚ್ಚಳವನ್ನು ಡಬ್ಬಿಗೆ ಮತ್ತೆ ಹಾಕಿ, ಅಂಗೈಯಿಂದ ಸುತ್ತಲೂ ಅದುಮಿ ಬಿಗಿ ಮಾಡಿದಳು.

ಬುಡದಲ್ಲಿ ಹಾರೆ ಹಾಕಿದರೆ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತದೆ. ಮೇಲಿನಿಂದ ಒಂದೊಂದೇ ಇಳಿಸಬೇಕು, ಅಟ್ಟದಿಂದ ಪಾತ್ರೆ ಇಳಿಸುವ ಹಾಗೆ. ಒಳಗಿನಿಂದ ಟೀಚರಮ್ಮನ ಎತ್ತರದ ಸ್ಟೂಲು ತಂದು ಗೋಡೆಯ ತುದಿಗೆ, ನಲ್ಲಿಯಿಂದ ದೂರ ಇಟ್ಟು, ಅಲ್ಲಾಡಿಸಿ ನೋಡಿ, ಹತ್ತಿದಳು. ಮೇಲಿನ ಸಾಲಿನ ಮೊದಲ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದಳು. ಶಬ್ದ ಅಂಗಳದ ತುಂಬ ಹರಡಿ ಬೀದಿಗೂ ಹೋಯಿತು. ಉಸಿರು ಹಿಡಿದು ಕಾದಳು. ಯಾವ ಕಿಟಕಿಯೂ ತೆರೆಯಲಿಲ್ಲ. ಮತ್ತೊಂದು ಪೆಟ್ಟು.

ಇಟ್ಟಿಗೆ ಸುಲಭಕ್ಕೆ ಬರಲಿಲ್ಲ. ಅದು ಗಟ್ಟಿಯಾಗಿತ್ತು. ಆ ಕ್ಷಣ ಅವಳಿಗೆ ಅಳು ಬಂತು; ಎಷ್ಟು ಚೆನ್ನಾಗಿ ಮಾಡಿದ್ದರು ಇದನ್ನು. ಒಣಗಿದ ಜಾಗದ ಇಟ್ಟಿಗೆ ಏನು ಹೇಳುತ್ತದೆ, ಏನೂ ಹೇಳುವುದಿಲ್ಲ. ಸಂದಿಗೆ ಹಾರೆಯ ತುದಿ ತೂರಿಸಿ ಮೈಭಾರ ಬಿಟ್ಟಳು. ಅದು ಸಡಿಲವಾಯಿತು. ಎರಡೂ ಕೈಯಲ್ಲಿ ಎತ್ತಿ, ಬೀಳಲು ಬಿಡದೆ, ಎದೆಗೆ ಅವಚಿಕೊಂಡು ಸ್ಟೂಲಿನಿಂದ ಮೆಲ್ಲನೆ ಇಳಿದು, ಗೇಟಿನ ಪಕ್ಕ, ಬಂದವರ ಕಣ್ಣಿಗೆ ಮೊದಲು ಬೀಳುವಲ್ಲಿ ಇಟ್ಟಳು.

ಮೊದಲ ತಾಯಿ ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಗೋಡೆ ಆ ಮಗುವಿನ ಮಂಡಿಯ ಮಟ್ಟಕ್ಕಾದರೂ ಇಳಿಯಬೇಕು. ಪೂರ್ವದಲ್ಲಿ ಬೆಳಕು ಬಿಳಿಚಿಕೊಳ್ಳುತ್ತಿತ್ತು. ಅವಳು ತಲೆಯ ಬಟ್ಟೆ ಬಿಗಿದು ಕಟ್ಟಿಕೊಂಡು ಮತ್ತೆ ಸ್ಟೂಲು ಹತ್ತಿದಳು.